ಪುತ್ತೂರು ಸೀಮೆಯ ಸೈಲೆನ್ಸರ್: ಸದ್ದೇ ಶಕ್ತಿ ಎಂಬ ನಂಬಿಕೆಯ ಚರಿತ್ರೆ

ಎಂಜಿನ್ನಿನಲ್ಲಿ ಇಂಧನ ಉರಿದ ಮೇಲೆ ಹೊರಬೀಳುವ ಬಿಸಿ ಅನಿಲದ ಅಬ್ಬರವನ್ನು ತಗ್ಗಿಸುವುದಕ್ಕಾಗಿ ಹೊಗೆಕೊಳವೆಗೆ ಜೋಡಿಸುವ ತಗಡಿನ ಡಬ್ಬವನ್ನು ಕನ್ನಡ ನಾಡಿನ ಗ್ಯಾರೇಜುಗಳಲ್ಲಿ ಸೈಲೆನ್ಸರ್ ಎಂದೇ ಕರೆಯುತ್ತಾರೆ. ಕಂಪನಿ ಕೊಟ್ಟ ಈ ಡಬ್ಬವನ್ನು ಬಿಚ್ಚಿ ಒಳಗಿನ ತೂತುಕೊಳವೆಯನ್ನು ಕಿತ್ತೋ, ಡಬ್ಬವನ್ನೇ ಕತ್ತರಿಸಿ ಅದರ ಜಾಗದಲ್ಲಿ ನೇರ ಕೊಳವೆಯನ್ನು ಬೆಸೆದೋ ವಾಹನದ ಸದ್ದನ್ನು ಹೆಚ್ಚಿಸಿಕೊಳ್ಳುವ ರೂಢಿ ನಾಡಿನ ಇತರ ಕಡೆಗಳಂತೆ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿಯೂ ಇದೆ. ಅದನ್ನು ಇತ್ತೀಚಿನ ಹುಡುಗರ ಪುಂಡಾಟವೆಂದು ಬೈದು ಮುಗಿಸುವವರೇ ಹೆಚ್ಚಾದ್ದರಿಂದ ಅದಕ್ಕೂ ಒಂದು ಪೂರ್ವೇತಿಹಾಸವಿದೆ ಎಂಬುದು ಗಮನಕ್ಕೆ ಬಂದಿಲ್ಲ. ಸೈಲೆನ್ಸರನ್ನು ಬಿಚ್ಚುವುದು ಮೊದಲು ಶೋಕಿಯಾಗಿರಲಿಲ್ಲ, ವಾಹನವನ್ನು ಓಡುವ ಸ್ಥಿತಿಯಲ್ಲಿಡಲು ಮಾಡಲೇಬೇಕಾದ ಕೆಲಸವಾಗಿತ್ತು. ಆ ಕೆಲಸ ಮುಗಿದಾಗ ವಾಹನದ ಸದ್ದೂ ಹೆಚ್ಚುತ್ತಿತ್ತು, ಎಳೆತವೂ ಹೆಚ್ಚುತ್ತಿತ್ತು. ಹೀಗೆ ಎರಡು ಮೂರು ದಶಕಗಳ ಕಾಲ ಸದ್ದನ್ನೂ ಶಕ್ತಿಯನ್ನೂ ಒಟ್ಟಿಗೇ ಕೇಳಿದ ಕಿವಿಗಳು ಒಂದೇ ಮತ್ತೊಂದೆಂದು ನಂಬಿದವು. ಆ ನಂಬಿಕೆಗೆ ಆಧಾರವಾಗಿದ್ದ ಎಂಜಿನ್ನುಗಳು ರಸ್ತೆಯಿಂದ ಮರೆಯಾದ ಮೇಲೂ ನಂಬಿಕೆ ಮಾತ್ರ ಉಳಿದುಕೊಂಡಿತು.

ಸೈಲೆನ್ಸರಿನ ವಯಸ್ಸು ಹೆಚ್ಚುಕಡಿಮೆ ಮೋಟಾರು ವಾಹನದ ವಯಸ್ಸೇ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ ಕಾರು ಕಟ್ಟುತ್ತಿದ್ದ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಸಹೋದರರು ಹೊಗೆಕೊಳವೆಯ ಸದ್ದಡಗಿಸುವ ಸಾಧನಕ್ಕೆ 1897ರಲ್ಲಿ ಪೇಟೆಂಟ್ ಪಡೆದರು. ಆ ಸಾಧನವನ್ನು ತಪ್ಪಿಸುವ ಉಪಾಯವೂ ಅದರ ಬೆನ್ನಿಗೇ ಬಂದಿತು: ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಅನೇಕ ಕಾರುಗಳಲ್ಲಿ ‘ಕಟ್‌ಔಟ್’ ಎಂಬ ಬಾಗಿಲೊಂದಿದ್ದು, ಚಾಲಕನು ಪೆಡಲನ್ನೋ ಸನ್ನೆಗೋಲನ್ನೋ ಒತ್ತಿದರೆ ಅನಿಲವು ಸೈಲೆನ್ಸರಿಗೆ ಹೋಗದೆ ನೇರವಾಗಿ ಹೊರಬರುತ್ತಿತ್ತು. ಏರು ಹತ್ತುವಾಗ ತುಸು ಹೆಚ್ಚು ಶಕ್ತಿ ಸಿಗಲೆಂಬುದು ಅದರ ಉದ್ದೇಶವಾಗಿದ್ದರೂ ಊರ ನಡುವೆಯೇ ಅದನ್ನು ತೆರೆದು ಓಡಾಡುವವರು ಹೆಚ್ಚಿದ್ದರಿಂದ ಅಮೆರಿಕದ ಅನೇಕ ನಗರಗಳು ಕಟ್‌ಔಟನ್ನು ನಿಷೇಧಿಸಬೇಕಾಯಿತು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬಾತ ಬಂದೂಕಿನ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದನು. ಆತನ ತಂದೆ ಹೈರಮ್ ಮ್ಯಾಕ್ಸಿಮ್ ಮಷೀನ್ ಗನ್ನನ್ನು ರೂಪಿಸಿದವನು. ಬಂದೂಕಿನ ನಳಿಗೆಗೂ ಎಂಜಿನ್ನಿನ ಹೊಗೆಕೊಳವೆಗೂ ತತ್ತ್ವ ಒಂದೇ ಆದ್ದರಿಂದ ಮಗನ ಕಂಪನಿ ಮುಂದೆ ಎಂಜಿನ್ನುಗಳ ಸೈಲೆನ್ಸರ್ ತಯಾರಿಕೆಗೂ ಇಳಿಯಿತು.

ಆ ತತ್ತ್ವವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲವೂ ಅದನ್ನೇ ಅವಲಂಬಿಸಿದೆ. ಎಂಜಿನ್ನಿನ ಹೊಗೆಬಾಯಿ ತೆರೆದಾಗಲೆಲ್ಲ ಒತ್ತಡದಲ್ಲಿದ್ದ ಅನಿಲ ಒಮ್ಮೆಲೇ ಹೊರನುಗ್ಗುವುದರಿಂದ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಹುಟ್ಟುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಅನಿಲ ಹೊರಹಾಕುವುದರಿಂದ, ನಿಂತಲ್ಲೇ ನಿಮಿಷಕ್ಕೆ 900 ಸುತ್ತು ತಿರುಗುವ ಒಂಟಿ ಸಿಲಿಂಡರಿನ ಬುಲೆಟ್ ಬೈಕಿನಲ್ಲಿ ಸೆಕೆಂಡಿಗೆ ಏಳೆಂಟು ಬಡಿತಗಳಷ್ಟೇ ಇದ್ದು ಅವು ಬಿಡಿಬಿಡಿಯಾಗಿ ಕೇಳಿಸುತ್ತವೆ. ನಾಲ್ಕು ಸಿಲಿಂಡರಿನ ಕಾರು 3000 ಸುತ್ತಿನಲ್ಲಿ ತಿರುಗುವಾಗ ಸೆಕೆಂಡಿಗೆ 100 ಬಡಿತಗಳಾಗಿ ಅವು ಒಂದೇ ಸ್ವರದಂತೆ ಕೂಡಿಕೊಳ್ಳುತ್ತವೆ. ಕಿರಿದಾದ ಕೊಳವೆಯಿಂದ ಅಗಲವಾದ ಕೋಣೆಗೆ ಬಿದ್ದಾಗ ಅಲೆಯ ಒಂದಂಶ ಹಿಂದಕ್ಕೆ ಮರಳಿ ಮುಂದೆ ಬರುವ ಅಲೆಗೆ ಎದುರಾಗಿ ಕ್ಷೀಣಿಸುತ್ತದೆ, ಉಳಿದದ್ದರಲ್ಲಿ ಕೆಲವಂಶವನ್ನು ತೂತುಕೊಳವೆಯ ಸುತ್ತ ತುಂಬಿದ ಗಾಜಿನ ನಾರು ಹೀರಿಕೊಳ್ಳುತ್ತದೆ. ಕಂಪನಿಯ ಸೈಲೆನ್ಸರಿನೊಳಗೆ ಇಂಥ ಕೋಣೆಗಳು, ಅಡ್ಡತಗಡುಗಳು ಮತ್ತು ಬ್ಯಾಫಲ್ ಎಂದು ಕರೆಯುವ ತೂತುಕೊಳವೆಗಳು ಇರುತ್ತವೆ; ಅನಿಲದ ದಾರಿಗೆ ಇವೆಲ್ಲ ತುಸು ಅಡ್ಡಿಯಾಗುತ್ತವೆಂಬುದು ನಿಜವಾದರೂ ಆ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿದೇ ಎಂಜಿನ್ನನ್ನು ಹೊಂದಿಸಿರುತ್ತಾರೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನೆಲವು ಸದ್ದನ್ನು ಬೇರೆಯೇ ರೀತಿಯಲ್ಲಿ ಕೇಳಿಸುವ ನೆಲ. ಬಯಲುಸೀಮೆಯಂತೆ ಒಟ್ಟಾಗಿ ನೆರೆದ ಹಳ್ಳಿಗಳು ಇಲ್ಲಿಲ್ಲ. ಗುಡ್ಡದ ಬುಡದಲ್ಲಿ ಅಡಿಕೆ ತೋಟ, ತೋಟದ ಮೇಲ್ಬದಿಯಲ್ಲಿ ಮನೆ, ನಡುವೆ ತೋಡು, ಆಚೆ ಬದಿಯ ಗುಡ್ಡದ ಬುಡದಲ್ಲಿ ಮತ್ತೊಂದು ಮನೆ ಎಂಬಂತೆ ವಸತಿಗಳು ಚದುರಿಕೊಂಡಿದ್ದು, ಕಣ್ಣಿಗೆ ಕಾಣದ ನೆರೆಮನೆಯ ಇರವು ತಿಳಿಯುವುದೇ ಸದ್ದಿನಿಂದ. ಬೇಸಗೆಯಲ್ಲಿ ಯಾರ ತೋಟದ ಡೀಸೆಲ್ ಪಂಪು ಓಡುತ್ತಿದೆ, ಮಳೆಗಾಲದ ಬಿಸಿಲಿನಲ್ಲಿ ಯಾರ ತೋಟಕ್ಕೆ ಬೋರ್ಡೋ ದ್ರಾವಣದ ಮದ್ದು ಬಿಡುತ್ತಿದ್ದಾರೆ ಎಂಬುದನ್ನು ಮನೆಯ ಜಗಲಿಯಲ್ಲಿ ಕುಳಿತೇ ಹೇಳಬಲ್ಲವರು ಈ ಊರುಗಳಲ್ಲಿ ಧಾರಾಳ. ರಾತ್ರಿ ನೆಲ ತಣಿದು ತಂಪುಗಾಳಿ ಕಣಿವೆಯಲ್ಲಿ ತಂಗಿದಾಗ ಸದ್ದು ಮೇಲಕ್ಕೆ ಹರಡಿ ಹೋಗದೆ ನೆಲದತ್ತಲೇ ಬಾಗುವುದರಿಂದ ಯಕ್ಷಗಾನದ ಚೆಂಡೆ ಎರಡು ಗುಡ್ಡಗಳಾಚೆಗೂ ಕೇಳಿಸುತ್ತದೆ, ನಡುರಾತ್ರಿಯ ಬೈಕೂ ಹಾಗೆಯೇ ಕೇಳಿಸುತ್ತದೆ.

ದೊಡ್ಡ ಸದ್ದನ್ನು ಈ ಸೀಮೆ ಎಂದೂ ದೂರವಿಟ್ಟದ್ದಿಲ್ಲ. ಹತ್ತೂರ ಒಡೆಯನೆಂದು ಜನ ಕರೆಯುವ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ರಂದು ಆರಂಭವಾಗಿ 17ರಂದು ಬ್ರಹ್ಮರಥೋತ್ಸವಕ್ಕೆ ಮುಟ್ಟಿದಾಗ ದೇವಳದ ಗದ್ದೆಯಲ್ಲಿ ನಡೆಯುವ ಸುಡುಮದ್ದಿನ ಸೇವೆ ‘ಪುತ್ತೂರು ಬೆಡಿ’ ಎಂದೇ ಹೆಸರಾಗಿದ್ದು ಅದನ್ನು ನೋಡಲು ಸುತ್ತಲಿನ ತಾಲೂಕುಗಳಿಂದಲೂ ಜನ ಸೇರುತ್ತಾರೆ. ದೈವದ ಭಂಡಾರ ಹೊರಡುವಾಗ ಸಿಡಿಯುವ ಗರ್ನಾಲು, ಕೋಲದ ವಾದ್ಯ, ಯಕ್ಷಗಾನದ ಚೆಂಡೆಯ ಪೆಟ್ಟು ಇವೆಲ್ಲವೂ ಊರಿಗೆ ಊರೇ ಒಪ್ಪಿಕೊಂಡ ಸದ್ದುಗಳು. ಅವುಗಳಿಗೆ ದಿನವಿದೆ, ಜಾಗವಿದೆ, ಮುಗಿಯುವ ಹೊತ್ತಿದೆ. ತೆರೆದ ಸೈಲೆನ್ಸರಿಗೆ ಎದುರಾಗುವ ಆಕ್ಷೇಪವನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಬೇಕು. ಇಲ್ಲಿನವರಿಗೆ ಸದ್ದು ಸಹಿಸಿ ಅಭ್ಯಾಸವಿಲ್ಲವೆಂದಲ್ಲ, ಒಬ್ಬನು ತನ್ನೊಬ್ಬನಿಗಾಗಿ ಹೊತ್ತುಗೊತ್ತಿಲ್ಲದೆ ಹುಟ್ಟಿಸುವ ಸದ್ದಿಗೆ ಈ ರೂಢಿಯಲ್ಲಿ ಜಾಗವೇ ಇರಲಿಲ್ಲ.

ಮೋಟಾರು ಈ ಭಾಗಕ್ಕೆ ಬಂದದ್ದು ಬಸ್ಸಿನ ರೂಪದಲ್ಲಿ, ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ಕರಾವಳಿಯ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದ್ದು ಹಿರಿಯರ ಮಾತಿನಲ್ಲಿ ಇಂದಿಗೂ ಬರುತ್ತದೆ. ಆದರೆ ಸೈಲೆನ್ಸರಿನ ಚರಿತ್ರೆಗೆ ಬಸ್ಸಿಗಿಂತ ಜೀಪೇ ಮುಖ್ಯ. 1947ರ ನಂತರ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಅವು ಕಾಲಕ್ರಮದಲ್ಲಿ ಪಶ್ಚಿಮಘಟ್ಟದ ತಪ್ಪಲಿನ ತೋಟಗಾರರ ಕೈಸೇರಿದವು. ಮುಂದೆ ಬಸ್ಸು ಹೋಗದ ಒಳದಾರಿಗಳಲ್ಲಿ ಜನರನ್ನೂ ಅಡಿಕೆ ಮೂಟೆಗಳನ್ನೂ ರಬ್ಬರ್ ಶೀಟುಗಳನ್ನೂ ಹೇರಿಕೊಂಡು ಹೋಗುವ ‘ಸರ್ವಿಸ್ ಜೀಪು’ ಸುಳ್ಯ, ಸುಬ್ರಹ್ಮಣ್ಯ, ಕಡಬದ ಕಡೆಯ ದಿನನಿತ್ಯದ ಬದುಕಿನ ಭಾಗವಾಯಿತು.

ಜೀಪಿನ ಸೈಲೆನ್ಸರಿಗೆ ಈ ನೆಲದಲ್ಲಿ ಹೊರಗಿನಿಂದಲೂ ಒಳಗಿನಿಂದಲೂ ಶತ್ರುಗಳಿದ್ದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ತಪ್ಪಲಿನಲ್ಲಿ ಕೆಸರು, ಕಲ್ಲು, ತೋಡಿನ ನೀರು ತಗಡನ್ನು ಹೊರಗಿನಿಂದ ತಿನ್ನುತ್ತಿದ್ದರೆ, ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹೊರಬರುವುದರಿಂದ, ಎಂಜಿನ್ನು ಪೂರ್ತಿ ಕಾಯುವ ಮೊದಲೇ ಪ್ರಯಾಣ ಮುಗಿಯುವ ಸಣ್ಣ ಓಡಾಟಗಳಲ್ಲಿ ಆ ಆವಿ ಸೈಲೆನ್ಸರಿನೊಳಗೇ ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತಿತ್ತು. ಕುಮಾರಧಾರೆಯ, ಪಯಸ್ವಿನಿಯ ಉಪಹೊಳೆಗಳಿಗೆ ಸೇತುವೆಗಳಿಲ್ಲದಿದ್ದ ಕಾಲದಲ್ಲಿ ಹೊಳೆಗಿಳಿದ ಜೀಪಿನ ಹೊಗೆಕೊಳವೆಯ ತುದಿ ನೀರಿನಲ್ಲಿ ಮುಳುಗುತ್ತಿತ್ತು. ಎಂಜಿನ್ನು ಓಡುತ್ತಿರುವಷ್ಟು ಹೊತ್ತು ಅನಿಲದ ಒತ್ತಡವೇ ನೀರನ್ನು ಹೊರಗಿಡುತ್ತದಾದರೂ ನಡುಹೊಳೆಯಲ್ಲಿ ಬಂದ್ ಬಿದ್ದರೆ ನೀರು ಒಳನುಗ್ಗುವುದರಿಂದ, ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ದಾಟುವುದು ಚಾಲಕರ ಮೊದಲ ಪಾಠವಾಗಿತ್ತು. ಕೊಳವೆಯ ತುದಿಯನ್ನು ಮೇಲಕ್ಕೆ ತಿರುಗಿಸಿ ಬೆಸೆಯುವುದು, ಕಲ್ಲಿಗೆ ತಾಗುವ ಡಬ್ಬವನ್ನು ಚಾಸಿಸಿಗೆ ಹತ್ತಿರ ಎತ್ತಿ ಕಟ್ಟುವುದು, ತೂತು ಬಿದ್ದಲ್ಲಿ ತಗಡಿನ ತೇಪೆ ಹಾಕುವುದು, ಡಬ್ಬವೇ ಉದುರಿಹೋದರೆ ಹೊಸತು ಸಿಗುವವರೆಗೆ ಸಿಕ್ಕಿದ ಕೊಳವೆಯನ್ನು ಜೋಡಿಸಿ ಓಡಿಸುವುದು ಇವು ಆ ಕಾಲದ ಸೈಲೆನ್ಸರ್ ಮಾರ್ಪಾಡುಗಳು. ಕೊಳವೆಯನ್ನು ಬಗ್ಗಿಸಿ, ಅಳತೆಗೆ ಕೊಯ್ದು, ಗಾಳಿ ಸೋರದಂತೆ ಬೆಸೆಯುವ ಕೈಚಳಕ ಸಣ್ಣ ಪೇಟೆಗಳ ವೆಲ್ಡಿಂಗ್ ಅಂಗಡಿಗಳಿಗೆ ಬಂದದ್ದು ಹೀಗೆ ಅನಿವಾರ್ಯತೆಯಿಂದ. ಮುಂದಿನ ಪೀಳಿಗೆ ಮೋಜಿಗಾಗಿ ಬಳಸಿಕೊಂಡದ್ದು ಹೊಟ್ಟೆಪಾಡಿಗಾಗಿ ಬೆಳೆದ ಈ ವಿದ್ಯೆಯನ್ನೇ. ಅದನ್ನು ಬೆಳೆಸಿದ ಕೈಗಳಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಸದ್ದು ಮತ್ತು ಶಕ್ತಿಯ ನಂಟು ಗಟ್ಟಿಯಾದದ್ದು ಎರಡು ಸ್ಟ್ರೋಕಿನ ಬೈಕುಗಳ ಕಾಲದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ ಬೈಕನ್ನೂ 1970ರ ದಶಕದಿಂದ ಯೆಜ್ಡಿಯನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರಿಗೆ ಇಕ್ಕೆಲದಲ್ಲಿ ಎರಡು ಸೈಲೆನ್ಸರ್ ಇದ್ದ ಈ ಬೈಕು ಸಂಪಾಜೆ ಘಾಟಿಯ ಮೂಲಕ ಮೈಸೂರಿಗೆ ನೇರ ದಾರಿಯುಳ್ಳ ಸುಳ್ಯ, ಪುತ್ತೂರಿನವರಿಗೆ ಒಂದರ್ಥದಲ್ಲಿ ನೆರೆಯೂರಿನ ಸರಕಾಗಿತ್ತು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಎಂಬ 98 ಸಿ.ಸಿ.ಯ ಹಗುರ ಬೈಕು ತನ್ನ ಗಾತ್ರಕ್ಕೆ ಮೀರಿದ ಓಟದಿಂದ ಇಡೀ ನಾಡಿನ ಯುವಕರನ್ನು ಸೆಳೆಯಿತು. ಈ ಎಂಜಿನ್ನುಗಳಲ್ಲಿ ಪೆಟ್ರೋಲಿನ ಜೊತೆಗೆ ಆಯಿಲೂ ಉರಿಯಬೇಕಿತ್ತು. ಯೆಜ್ಡಿಯಲ್ಲಿ ಅದನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು, ಆರ್‌ಎಕ್ಸಿನಲ್ಲಿ ಬೇರೆ ಟ್ಯಾಂಕಿನಿಂದ ಸಣ್ಣ ಪಂಪೊಂದು ಅದನ್ನು ಒದಗಿಸುತ್ತಿತ್ತು. ಪೂರ್ತಿ ಉರಿಯದ ಆಯಿಲು ಅಂಟುಮಸಿಯಾಗಿ ಬ್ಯಾಫಲಿನ ತೂತುಗಳನ್ನು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದಂತೆ ಅನಿಲಕ್ಕೆ ದಾರಿ ಸಾಲದಾಗಿ ಬೈಕಿನ ಸ್ವರ ಕುಗ್ಗುತ್ತಿತ್ತು, ಏರಿನಲ್ಲಿ ಎಳೆತ ಸೋಲುತ್ತಿತ್ತು.

ಆಗ ಮಾಡುತ್ತಿದ್ದ ಕೆಲಸಕ್ಕೆ ಸೈಲೆನ್ಸರ್ ಸುಡುವುದೆಂದು ಹೆಸರು. ಹಿಂತುದಿಯ ಬೋಲ್ಟೊಂದನ್ನು ಬಿಚ್ಚಿ ಬ್ಯಾಫಲಿನ ತುದಿಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತ ಎಳೆದರೆ, ಮಸಿ ಹೆಚ್ಚು ಕಟ್ಟಿರದಿದ್ದಲ್ಲಿ ಅದು ಸುಲಭವಾಗಿ ಹೊರಬರುತ್ತಿತ್ತು, ಕಟ್ಟಿದ್ದರೆ ಡಬ್ಬಕ್ಕೆ ಮರದ ತುಂಡಿನಿಂದ ಬಡಿಯಬೇಕಾಗುತ್ತಿತ್ತು. ಹೊರತೆಗೆದ ಕೊಳವೆಗೆ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟಾಗ ಮೊದಲು ದಟ್ಟ ಕಪ್ಪು ಹೊಗೆ ಎದ್ದು, ಬಳಿಕ ಮಸಿಯೇ ಹೊತ್ತಿಕೊಂಡು ಕೊಳವೆ ಕೆಂಪಗೆ ಕಾಯುತ್ತಿತ್ತು. ತಣಿದ ಮೇಲೆ ನೆಲಕ್ಕೆ ತಟ್ಟಿದರೆ ಬೂದುಬಣ್ಣದ ಚಕ್ಕೆಗಳು ಉದುರುತ್ತಿದ್ದವು, ಉಳಿದದ್ದನ್ನು ತಂತಿಯ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಡಬ್ಬದೊಳಗೆ ಕಾಸ್ಟಿಕ್ ಸೋಡಾದ ನೀರನ್ನು ತುಂಬಿ ರಾತ್ರಿಯಿಡೀ ಬಿಟ್ಟು ತೊಳೆಯುವ ಕ್ರಮವೂ ಇತ್ತು. ಮರಳಿ ಜೋಡಿಸಿ ಕಿಕ್ ಹೊಡೆದರೆ ಸ್ವರ ಬಿಚ್ಚಿಕೊಂಡಿರುತ್ತಿತ್ತು, ಹತ್ತದಿದ್ದ ಏರನ್ನು ಬೈಕು ಹತ್ತುತ್ತಿತ್ತು. ಇದು ಭ್ರಮೆಯಲ್ಲ, ಪ್ರತ್ಯಕ್ಷ ಅನುಭವ. ಇಂಥ ಅನುಭವವನ್ನು ಮತ್ತೆಮತ್ತೆ ಕಂಡ ಸವಾರನಿಗೆ, ಶುಚಿ ಮಾಡಿದರೆ ಇಷ್ಟು ಗುಣವಾಗುವುದಾದರೆ ಬ್ಯಾಫಲನ್ನು ಹಾಕದೆಯೇ ಓಡಿಸಿದರೆ ಇನ್ನೆಷ್ಟು ಗುಣವಾದೀತು ಎಂಬ ಯೋಚನೆ ಬಂದದ್ದು ಸಹಜವೇ. ಸೈಲೆನ್ಸರ್ ಮಾರ್ಪಡಿಸುವ ರೂಢಿ ಮನೆಯಂಗಳದಲ್ಲಿ ಹುಟ್ಟಿದ್ದು ಈ ತರ್ಕದಿಂದಲೇ.

ಆ ತರ್ಕ ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ಪೂರ್ವ ಜರ್ಮನಿಯವರೆಗೆ ಹೋಗಬೇಕಾಗುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ ಅದರಲ್ಲಿ ಒಂದಂಶ ಉರಿಯದೆ ಹೊಗೆಯ ಜೊತೆಗೇ ಹೊರಟುಹೋಗುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಝಡ್. ಬೈಕು ಕಾರ್ಖಾನೆಯ ರೇಸಿಂಗ್ ವಿಭಾಗದಲ್ಲಿದ್ದ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು, ಮೊದಲು ಅಗಲವಾಗುತ್ತ ಹೋಗಿ ಮತ್ತೆ ಕಿರಿದಾಗುವ ಹೊಗೆಕೊಳವೆಯನ್ನು ಪರಿಷ್ಕರಿಸಿ, ಕಿರಿದಾಗುವ ಭಾಗಕ್ಕೆ ತಾಗಿ ಮರಳುವ ಒತ್ತಡದ ಅಲೆಯು ಸರಿಯಾದ ಗಳಿಗೆಯಲ್ಲಿ ಸಿಲಿಂಡರಿನ ಬಾಯಿಗೆ ತಲುಪಿ ಹೊರಜಾರುತ್ತಿದ್ದ ಮಿಶ್ರಣವನ್ನು ಒಳಕ್ಕೆ ತಳ್ಳುವಂತೆ ಮಾಡಿದನು. ಅಲ್ಲಿನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶಬಿಟ್ಟು ಜಪಾನಿನ ಸುಝುಕಿಗೆ ಸೇರಿದಾಗ ಈ ವಿದ್ಯೆಯೂ ಜಪಾನಿಗೆ ಹೋಯಿತು, ಮುಂದೆ ಎಲ್ಲ ಕಂಪನಿಗಳ ಎರಡು ಸ್ಟ್ರೋಕಿನ ಬೈಕುಗಳಿಗೂ ಹಬ್ಬಿತು. ಆದ್ದರಿಂದ ಎರಡು ಸ್ಟ್ರೋಕಿನ ಹೊಗೆಕೊಳವೆ ಎಂಜಿನ್ನಿನದೇ ಒಂದು ಅಂಗ. ತುದಿಯ ಬ್ಯಾಫಲನ್ನು ತೆಗೆದರೆ ಸದ್ದು ಹೆಚ್ಚುತ್ತದೆ, ಆದರೆ ಮುಂಭಾಗದ ಕೊಳವೆಯ ಆಕಾರವನ್ನೇ ಕೊಯ್ದರೆ ಸದ್ದು ಏರಿ ಓಟ ಇಳಿಯುತ್ತದೆ. ಅನುಭವಿ ಮೆಕ್ಯಾನಿಕರು ಇದನ್ನು ಪುಸ್ತಕದ ನೆರವಿಲ್ಲದೆ ಕೈಯಿಂದಲೇ ಕಂಡುಕೊಂಡಿದ್ದರು. ಹಿಂದಿನದನ್ನು ಏನು ಬೇಕಾದರೂ ಮಾಡಿ, ಮುಂದಿನ ಹೊಟ್ಟೆಗೆ ಕೈ ಹಾಕಬೇಡಿ ಎಂಬ ಅರ್ಥದ ಎಚ್ಚರಿಕೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿತ್ತು.

2000ದ ಏಪ್ರಿಲಿನಿಂದ ದೇಶಾದ್ಯಂತ ಬಿಗಿಯಾದ ಹೊಗೆಯ ಮಿತಿಗಳಿಂದಾಗಿ ಎರಡು ಸ್ಟ್ರೋಕಿನ ಬೈಕುಗಳು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿದವು. ಅಷ್ಟರೊಳಗೆ ಅವು ಕಲಿಸಿದ ಪಾಠ ಮಾತ್ರ ಬುಲೆಟ್ಟಿಗೂ ಕಾರಿಗೂ ದಾಟಿತ್ತು. 1950ರ ದಶಕದಿಂದ ಮದರಾಸಿನ ತಿರುವೊಟ್ರಿಯೂರಿನಲ್ಲಿ ತಯಾರಾಗುತ್ತಿದ್ದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಬಿಡಿಬಡಿತಕ್ಕೆ ಮೊದಲಿನಿಂದಲೂ ಗತ್ತಿನ ಅರ್ಥವಿದ್ದು, ಅದರ ಸೈಲೆನ್ಸರ್ ಬದಲಿಸುವುದರಲ್ಲಿ ಶಕ್ತಿಯ ವಿಚಾರಕ್ಕಿಂತ ಸ್ವರದ ಮೋಹವೇ ಹೆಚ್ಚಾಗಿತ್ತು. ಕಾರಿನ ವಿಷಯದಲ್ಲಿ ಮಾದರಿಯಾದದ್ದು ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯುವ ಮೋಟಾರು ರ‍್ಯಾಲಿಗಳಲ್ಲಿ ಮಾರುತಿ ಜಿಪ್ಸಿಯಂಥ ವಾಹನಗಳ ಅಬ್ಬರ ಕೇಳಿದವರಿಗೆ, ಕಾಸರಗೋಡಿನ ಮೂಸಾ ಷರೀಫ್ ಅವರಂಥ ರ‍್ಯಾಲಿ ಸಹಚಾಲಕರು ಗಡಿಯಾಚೆಯ ನೆರೆಯಿಂದಲೇ ಎದ್ದು ದೇಶವಿದೇಶಗಳಲ್ಲಿ ಹೆಸರು ಮಾಡಿದ್ದನ್ನು ಕಂಡವರಿಗೆ, ಮನೆಯ ಮಾರುತಿ ಕಾರಿಗೂ ಅಂಥದೇ ಸ್ವರ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸ್ಪರ್ಧೆಯ ಕಾರಿನಲ್ಲಿ ಕ್ಯಾಮ್‌ಶಾಫ್ಟು, ಇಂಧನದ ಅಳತೆ, ಗಾಳಿ ಒಳಬರುವ ದಾರಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿದ ಮೇಲೆ ಹೊಗೆಕೊಳವೆಯನ್ನು ತೆರೆಯುತ್ತಾರೆ. ಮನೆಯಂಗಳದಲ್ಲಿ ಬದಲಾದದ್ದು ಕೊಳವೆಯೊಂದೇ.

ಆ ಮನೆಯಂಗಳದ ಕೆಲಸದ ಕ್ರಮ ಹೀಗಿದೆ. ಕಾರಿನ ಹಿಂಬದಿಯನ್ನು ಜಾಕಿನಲ್ಲಿ ಎತ್ತಿ ಗಟ್ಟಿ ಆಧಾರ ಕೊಟ್ಟು, ಬಂಪರಿನ ಕೆಳಗೆ ಅಡ್ಡಲಾಗಿ ತೂಗುವ ಕೊನೆಯ ಡಬ್ಬವನ್ನು ರಬ್ಬರ್ ಕೊಂಡಿಗಳಿಂದ ಬಿಡಿಸಿ, ತುಕ್ಕು ಹಿಡಿದ ಬೋಲ್ಟುಗಳನ್ನು ಎಣ್ಣೆ ಬಿಟ್ಟು ಸಡಿಲಿಸಿ ಅಥವಾ ಗ್ರೈಂಡರಿನಲ್ಲಿ ಕೊಯ್ದು ತೆಗೆಯುತ್ತಾರೆ. ಅದರ ಜಾಗಕ್ಕೆ ತೂತುಕೊಳವೆಯ ಸುತ್ತ ಗಾಜಿನ ನಾರು ಸುತ್ತಿದ, ‘ಫ್ರೀ ಫ್ಲೋ’ ಎಂದು ಕರೆಯುವ ನೇರ ಸೈಲೆನ್ಸರನ್ನೋ ಬರೀ ಕೊಳವೆಯನ್ನೋ ಬೆಸೆಯುತ್ತಾರೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಮಾರುತಿ 800ರಂಥ ಕಾರಿನಲ್ಲಿ ಇದರಿಂದ ಸದ್ದು ಎದ್ದು ಕೇಳಿಸುವಷ್ಟು ಹೆಚ್ಚಿದರೂ ಓಟದಲ್ಲಿ ಗುರುತಿಸುವಂಥ ವ್ಯತ್ಯಾಸವಾಗುವುದಿಲ್ಲ, ಏಕೆಂದರೆ ಅಷ್ಟು ಸಣ್ಣ ಎಂಜಿನ್ನಿನ ಅನಿಲಕ್ಕೆ ಕಂಪನಿಯ ಡಬ್ಬ ದೊಡ್ಡ ಅಡ್ಡಿಯೇ ಆಗಿರುವುದಿಲ್ಲ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹಿಂದಿನಂತೆ ಮಸಿ ಕಟ್ಟಿ ದಾರಿ ಮುಚ್ಚುವುದೂ ಇಲ್ಲ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಆರಂಭವಾಗಿ ಮುಂದೆ ಎಲ್ಲೆಡೆಗೂ ಬಂದ ಕೆಟಲಿಟಿಕ್ ಕನ್ವರ್ಟರ್, ಅಂದರೆ ವಿಷಾನಿಲವನ್ನು ರಾಸಾಯನಿಕ ಕ್ರಿಯೆಯಿಂದ ನಿರುಪದ್ರವಗೊಳಿಸುವ ಜೇನುಗೂಡಿನಂಥ ಪೆಟ್ಟಿಗೆಯನ್ನೂ ಕೊಯ್ದು ತೆಗೆದರೆ ಹೊಗೆಯ ವಿಷ ಹಲವು ಪಟ್ಟು ಏರುತ್ತದೆ, ಆಮ್ಲಜನಕವನ್ನು ಅಳೆಯುವ ಸೆನ್ಸರು ಎಂಜಿನ್ನಿನ ಕಂಪ್ಯೂಟರಿಗೆ ದೋಷದ ಸೂಚನೆ ಕಳುಹಿಸುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ಕೆಟ್ಟ ಬೆಸುಗೆಯಲ್ಲಿದೆ: ಕಾರಿನಡಿಯಲ್ಲಿ ಸೋರುವ ಹೊಗೆ, ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಕುಳಿತವರ ಬಳಿಗೆ ನೆಲದ ಬಿರುಕುಗಳಿಂದ ನುಸುಳಿದರೆ, ಅದರಲ್ಲಿರುವ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮೊದಲು ತಲೆನೋವನ್ನೂ ಬಳಿಕ ಮಂಪರನ್ನೂ ತಂದು ಪ್ರಾಣವನ್ನೇ ತೆಗೆಯಬಲ್ಲದು.

ಸದ್ದಿನ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಇತ್ತೀಚೆಗಲ್ಲ. 1939ರ ಮೋಟಾರು ವಾಹನ ಕಾಯ್ದೆಯೇ ವಾಹನಗಳ ಸದ್ದು ತಗ್ಗಿಸುವ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತ್ತು. ಈಗ ಜಾರಿಯಲ್ಲಿರುವ 1988ರ ಕಾಯ್ದೆಯಡಿ ಬಂದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು, ಅನಿಲ ಹೊರಬೀಳುವ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸಾಧನ ಟ್ರ್ಯಾಕ್ಟರೂ ಸೇರಿ ಪ್ರತಿ ವಾಹನದಲ್ಲೂ ಇರಬೇಕೆಂದು ವಿಧಿಸುತ್ತದೆ. ಅಂಕೆಗಳ ಮಿತಿ ಬಂದದ್ದು ಪರಿಸರ ಸಂರಕ್ಷಣಾ ನಿಯಮಗಳ ಮೂಲಕ: ಕಾರ್ಖಾನೆಯಿಂದ ಹೊರಡುವ ಬೈಕಿಗೆ 80 ಡೆಸಿಬೆಲ್, ಕಾರಿಗೆ 82 ಡೆಸಿಬೆಲ್ ಎಂದಿದ್ದ ಮಿತಿಯಲ್ಲಿ ಕಾರಿನದು 2000ದ ದಶಕದ ಮಧ್ಯಭಾಗದ ಹೊತ್ತಿಗೆ 74ಕ್ಕೆ ಇಳಿಯಿತು. ಡೆಸಿಬೆಲ್ ಎಂಬುದು ಸಾಮಾನ್ಯ ಅಳತೆಗೋಲಿನಂತೆ ಏರುವ ಮಾನವಲ್ಲ, ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಹಾಗಾಗಿ 82ರಿಂದ 74ಕ್ಕೆ ಇಳಿಯುವುದೆಂದರೆ ಸದ್ದಿನ ಶಕ್ತಿಯನ್ನು ಆರನೆಯ ಒಂದು ಭಾಗಕ್ಕಿಂತಲೂ ಕೆಳಗೆ ತರುವುದು. ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಸಾಧಿಸಿದ ಈ ಇಳಿಕೆಯನ್ನು ಗ್ರೈಂಡರು ಕಾಲು ಗಂಟೆಯಲ್ಲಿ ಅಳಿಸಿಹಾಕುತ್ತದೆ ಎಂಬುದು ಈ ಚರಿತ್ರೆಯ ಅತ್ಯಂತ ನೋವಿನ ಸಂಗತಿ. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವಾಗಿಸಲು ಅವಕಾಶ ಕೊಟ್ಟವು. ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ಕಾಲೇಜು, ಆಸ್ಪತ್ರೆಗಳು ಪೇಟೆಗೇ ಹೊಂದಿಕೊಂಡಿರುವ ಸುಳ್ಯದಂಥ ಸಣ್ಣ ಊರಿನಲ್ಲಿ ಇದನ್ನು ಅಕ್ಷರಶಃ ಅಳೆದರೆ ಮುಖ್ಯರಸ್ತೆಯ ಗಣನೀಯ ಭಾಗ ಅದರೊಳಗೇ ಬರುತ್ತದೆ.

ದಂಡನೆ ತೀವ್ರವಾದದ್ದು 2019ರಲ್ಲಿ. ಆ ವರ್ಷದ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಕಾಯ್ದೆಯ 52ನೆಯ ಸೆಕ್ಷನ್ನನ್ನು ವ್ಯಾಖ್ಯಾನಿಸಿತು. ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡವನ್ನೂ, ಸದ್ದು ಮತ್ತು ಹೊಗೆಯ ಮಾನದಂಡ ಮೀರಿ ಓಡಿಸಿದವನಿಗೆ 10,000 ರೂಪಾಯಿವರೆಗಿನ ದಂಡವನ್ನೂ ಗೊತ್ತುಪಡಿಸಿತು. ಸುಳ್ಯ ತಾಲೂಕಿನ ಜಾಲ್ಸೂರು ದಾಟಿದರೆ ಸಿಗುವ ಕೇರಳದಲ್ಲಿ ಮೋಟಾರು ವಾಹನ ಇಲಾಖೆ 2022ರ ಫೆಬ್ರುವರಿಯಲ್ಲಿ ‘ಆಪರೇಷನ್ ಸೈಲೆನ್ಸ್’ ಎಂಬ ಹೆಸರಿನಲ್ಲಿ ಇಂಥ ವಾಹನಗಳನ್ನು ಹುಡುಕಿ ದಂಡ ಹಾಕಿತು. ಕರ್ನಾಟಕದ ಹಲವು ಪಟ್ಟಣಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹರಿಸಿದರು. ಆದರೆ ನಿಯಮವು ಕೇಳುವ ಅಳತೆ ನಾಜೂಕಿನದು: ನಿಂತ ವಾಹನದ ಸದ್ದನ್ನು ಹೊಗೆಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ರೊಫೋನ್ ಇಟ್ಟು ಅಳೆಯಬೇಕು. ಅದಕ್ಕೆ ಬೇಕಾದ ಉಪಕರಣವೂ ತರಬೇತಿಯೂ ಸಣ್ಣ ಪೇಟೆಗಳ ಠಾಣೆಗಳಿಗೂ ದೊರೆತಾಗ ಮಾತ್ರ ತುಕ್ಕು ಹಿಡಿದು ತೂತಾದ ಬಡ ರೈತನ ಜೀಪಿಗೂ ಬೇಕೆಂದೇ ಕೊಯ್ದ ಕಾರಿಗೂ ನಡುವಿನ ಅಂತರ ನ್ಯಾಯವಾಗಿ ತೀರ್ಮಾನವಾದೀತು.

ಪುತ್ತೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೆ.ಎ. 21 ಎಂದು ನೋಂದಣಿಯಾದ ಖಾಸಗಿ ವಾಹನಕ್ಕೂ ಎಲ್ಲ ಕಡೆಯಂತೆ 15 ವರ್ಷ ತುಂಬಿದ ಮೇಲೆ ಮರುನೋಂದಣಿಗಾಗಿ ತಪಾಸಣೆ ಆಗಬೇಕಾಗುತ್ತದೆ. ಈ ಒಂದು ನಿಯಮದ ದೆಸೆಯಿಂದ, ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕದೆ ಎತ್ತಿಡುವುದು ಬುದ್ಧಿವಂತ ಮಾಲೀಕರ ಕ್ರಮವಾಗಿದೆ. ತಪಾಸಣೆ ಹತ್ತಿರ ಬಂದಾಗ ಅದನ್ನು ಮರಳಿ ಜೋಡಿಸಲು, ಕೊಯ್ದ ಕೊಳವೆಗೆ ಹೊಸ ಫ್ಲಾಂಜು ಬೆಸೆಯಲು, ಹಳೆಯ ಜೀಪುಗಳಿಗೆ ಎಲ್ಲಿಯೂ ಸಿಗದ ಡಬ್ಬವನ್ನು ತಗಡು ಮಡಿಸಿ ಹೊಸದಾಗಿ ಕಟ್ಟಿಕೊಡಲು ಬೇಕಾಗುವವರೂ ಅದೇ ವೆಲ್ಡಿಂಗ್ ಅಂಗಡಿಯವರೇ. ಸರ್ವಿಸ್ ಜೀಪುಗಳ ಕಾಲದಲ್ಲಿ ತೇಪೆ ಹಾಕಿ ಪಳಗಿದವರ ಮುಂದಿನ ತಲೆಮಾರಿಗೆ ಈಗ ಅರ್ಧ ಕೆಲಸ ಸೈಲೆನ್ಸರ್ ತೆಗೆಯುವವರಿಂದ ಬಂದರೆ ಉಳಿದರ್ಧ ಅದನ್ನು ಮತ್ತೆ ಹಾಕಿಸುವವರಿಂದ ಬರುತ್ತದೆ.